ವೈದ್ಯರ ಎರಡನೇ ಕಸುಬು

1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುವವರಿದ್ದಾರೆ. ಆದೇಶದಿಂದ ಚಿಕಿತ್ಸಾಲಯದ ಬಾಗಿಲು ತೆರೆಯಬಹುದು. ಆದರೆ ಬಸಿರು, ಬಾಣಂತನ, ಮುಟ್ಟಿನಂಥ ವಿಷಯಗಳನ್ನು ಮನೆಯೊಳಗಿನ ಹೆಣ್ಣುಮಕ್ಕಳಿಗೆ ಮುಜುಗರವಾಗದಂತೆ ಕನ್ನಡದಲ್ಲಿ ತಿಳಿಹೇಳುವವರು ಯಾರು? ಆ ಕೆಲಸ ಮುಂದೆ ಬಹುಮಟ್ಟಿಗೆ ಬಿದ್ದದ್ದು ಎರಡು ಕಸುಬು ಒಟ್ಟಿಗೆ ಬಲ್ಲವರ ಹೆಗಲಿಗೆ.

ಮಾದರಿ ಅಷ್ಟು ಹೊತ್ತಿಗಾಗಲೇ ಇತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಕಾಲೇಜಿನ ಪಾಠವನ್ನು ಊರಿನ ಮಾತಿಗೆ ಇಳಿಸಬಹುದು ಎಂಬುದನ್ನಂತೂ ತೋರಿಸಿಕೊಟ್ಟಿತು.

ವೈದ್ಯರ ಪೈಕಿ ಈ ದಾರಿಯನ್ನು ತೀರಾ ವಿಚಿತ್ರವಾಗಿ ತುಳಿದವರು ಡಾ. ಎಂ. ಶಿವರಾಂ. ಓದುಗರಿಗೆ ಅವರು 'ರಾಶಿ'. ವೈದ್ಯವೃತ್ತಿಯ ಜೊತೆಯಲ್ಲೇ 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಆರಂಭಿಸಿ ಸುಮಾರು ಇಪ್ಪತ್ತೈದು ವರ್ಷ ನಡೆಸಿದರು. ನಾ. ಕಸ್ತೂರಿಯವರ ಕೊಂಕುನುಡಿ, ಆಗಿನ್ನೂ ಹುಡುಗನಾಗಿದ್ದ ಆರ್. ಕೆ. ಲಕ್ಷ್ಮಣ್ ಅವರ ಗೆರೆ ಎರಡೂ ಅಲ್ಲಿ ಮೆರೆದವು. ಪತ್ರಿಕೆ ನಿಂತ ಮೇಲೂ ಪೆನ್ನು ಸುಮ್ಮನಿರಲಿಲ್ಲ. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡದ ಪ್ರಶಸ್ತಿ ಕೊಟ್ಟಿದ್ದು ಕಾದಂಬರಿಗಲ್ಲ, ಕವನ ಸಂಕಲನಕ್ಕಲ್ಲ. ರಾಶಿಯವರ 'ಮನಮಂಥನ'ಕ್ಕೆ, ಅಂದರೆ ಮನೋವೈದ್ಯಕೀಯದ ಪುಸ್ತಕಕ್ಕೆ! ವರ್ಷಗಟ್ಟಲೆ ನಗಿಸಿದವರು ಮನಸ್ಸಿನ ಕಾಯಿಲೆಯ ಮಾತೆತ್ತಿದಾಗ ಜನ ಬೆಚ್ಚುವುದಿಲ್ಲ. ಹಾಸ್ಯಪತ್ರಿಕೆಯ ದುಡಿಮೆ ವೈದ್ಯನ ಕೆಲಸಕ್ಕೂ ಹೀಗೆ ಒದಗಿಬಂದಿರಬೇಕು.

ಆ ಹೊತ್ತಿಗೆ ನೆಲ ಹದಗೊಳಿಸಿದವರಲ್ಲಿ ವೈದ್ಯರಲ್ಲದವರೂ ಇದ್ದರು. ತ್ರಿವೇಣಿಯವರ 'ಶರಪಂಜರ' ಹೆರಿಗೆಯ ನಂತರ ಬುದ್ಧಿ ಕದಡಿದ ಹೆಂಗಸಿನ ಕಥೆ. ಕಾವೇರಿಯ ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಮನೆಗೆ ಮರಳಿದವಳನ್ನು ಸುತ್ತಲಿನವರ ಅನುಮಾನ ಮತ್ತೆ ಕೆಡವುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ನಟಿಸಿದರು. ಮಾನಸಿಕ ಕಾಯಿಲೆ ಬಗ್ಗೆ ಆ ಒಂದು ಚಿತ್ರ ಮಾಡಿದ ಪ್ರಚಾರವನ್ನು ಎಷ್ಟು ಭಿತ್ತಿಪತ್ರ ಅಂಟಿಸಿದರೂ ಮಾಡಲಾಗುತ್ತಿರಲಿಲ್ಲ.

ಈ ಕಸುಬಿಗೆ ನಿಜವಾದ ಗಾತ್ರ ಬಂದಿದ್ದು ಮಾತ್ರ ಅನುಪಮಾ ನಿರಂಜನರಿಂದ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಮೈಸೂರಿನಲ್ಲಿ ವೈದ್ಯಕೀಯ ಓದಿ, ಧಾರವಾಡ ಮತ್ತು ಬೆಂಗಳೂರಿನಲ್ಲಿ ವೃತ್ತಿ ನಡೆಸಿದರು. ಕಾದಂಬರಿಕಾರ ನಿರಂಜನರನ್ನು ಮದುವೆಯಾದ ಮೇಲೆ ಮನೆಯಲ್ಲಿ ಬರೆಯುವ ಕೈ ಎರಡಾದವು. 'ಮಾಧವಿ'ಯಂಥ ಕಾದಂಬರಿ ಒಂದು ಕಡೆ. 'ತಾಯಿ ಮಗು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು' ಇನ್ನೊಂದು ಕಡೆ. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು: ಮೈನೆರೆದ ಹುಡುಗಿ, ಮದುವಣಗಿತ್ತಿ, ಹೆಂಡತಿ, ತಾಯಿ. ಹೆಣ್ಣಿನ ಬದುಕಿನ ಒಂದೊಂದು ತಿರುವಿಗೂ ಒಂದು ಪುಸ್ತಕ. ಅಮ್ಮ ಹೇಳಲು ಹಿಂಜರಿದದ್ದನ್ನು, ಅತ್ತೆಯ ಬಳಿ ಕೇಳಲಾಗದ್ದನ್ನು ಡಾಕ್ಟರಮ್ಮ ಅಚ್ಚಿನಲ್ಲಿ ಹೇಳಿದರು. ಸಾಲದ್ದಕ್ಕೆ ಮಕ್ಕಳಿಗೆಂದು ವರ್ಷದ ದಿನಕ್ಕೊಂದರಂತೆ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟಗಳನ್ನೂ ಬರೆದರು.

ಇಲ್ಲಿ ವಿಮರ್ಶಕರ ಒಂದು ಹಳೇ ಚಾಳಿ ನೆನಪಾಗುತ್ತದೆ. ಅನುಪಮಾ ಅವರ ಬಗ್ಗೆ ಮಾತು ಬಂದಾಗ ಕಾದಂಬರಿಗಳನ್ನು ಸಾಹಿತ್ಯವೆಂದು ಎತ್ತಿಕೊಂಡು, ಆರೋಗ್ಯದ ಪುಸ್ತಕಗಳನ್ನು ಪಟ್ಟಿಯ ಕೊನೆಗೆ ತಳ್ಳುತ್ತಾರೆ. ಅವೆರಡೂ ಒಂದೇ ಅನುಭವದಿಂದ ಬಂದವು. ಹೆಣ್ಣು ಎದುರಿಗೆ ಕೂತು ತನ್ನ ಕಷ್ಟ ಹೇಳಿಕೊಳ್ಳುವುದನ್ನು ವೃತ್ತಿಯಲ್ಲಿ ಕೇಳಿದ ಕಿವಿಯೇ ಕಾದಂಬರಿಯ ಸಂಭಾಷಣೆಯನ್ನೂ ಬರೆಸಿತು. ಅವರ 'ಋಣಮುಕ್ತಳು' 1984ರಲ್ಲಿ ಪುಟ್ಟಣ್ಣನವರ ಕೈಯಲ್ಲೇ ತೆರೆಗೆ ಬಂತು. 1991ರಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಾಗ ವಯಸ್ಸು ಅರವತ್ತು ಕೂಡ ದಾಟಿರಲಿಲ್ಲ.

ಅಷ್ಟರಲ್ಲಿ ಸಂಸ್ಥೆಗಳೂ ಎಚ್ಚೆತ್ತಿದ್ದವು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಮನೋವೈದ್ಯರ ಕೊರತೆಯನ್ನು ತುಂಬಲು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ಪ್ರಯೋಗವನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಸಂಸ್ಥೆಯ ಪ್ರಾಧ್ಯಾಪಕ ಡಾ. ಸಿ. ಆರ್. ಚಂದ್ರಶೇಖರ್ ಖಿನ್ನತೆ, ಪರೀಕ್ಷೆಯ ಭಯ, ದೆವ್ವ ಹಿಡಿಯುವುದು ಎಲ್ಲವನ್ನೂ ಸಣ್ಣ ಸಣ್ಣ ಕನ್ನಡ ಪುಸ್ತಕಗಳಿಗೆ ಇಳಿಸಿದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ 'ಸಮಾಧಾನ' ಆಪ್ತಸಲಹಾ ಕೇಂದ್ರ ಕಟ್ಟಿದರು. 2024ರಲ್ಲಿ ಪದ್ಮಶ್ರೀ ಬಂತು, ವೈದ್ಯಕೀಯ ವಿಭಾಗದಲ್ಲಿ.

ಟೀವಿಯ ಕಾಲಕ್ಕೆ ದಾರಿ ಮತ್ತೊಂದು ತಿರುವು ಪಡೆಯಿತು. ಡಾ. ನಾ. ಸೋಮೇಶ್ವರ ವೈದ್ಯ ಸಾಹಿತ್ಯ ಬರೆದವರು. ಆದರೆ ಮನೆಮನೆಗೆ ಗೊತ್ತಾಗಿದ್ದು ಚಂದನ ವಾಹಿನಿಯ 'ಥಟ್ ಅಂತ ಹೇಳಿ' ರಸಪ್ರಶ್ನೆಯಿಂದ. ಆರೋಗ್ಯಕ್ಕೂ ಈ ಕಾರ್ಯಕ್ರಮಕ್ಕೂ ನೇರ ಸಂಬಂಧವಿಲ್ಲ. ಅಲ್ಲಿ ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ.