ತಾಯಿಕೋಳಿ ಕೊಡುತ್ತಿದ್ದ ರಕ್ಷೆ

ಹಿತ್ತಲಿನ ಕೋಳಿಮರಿ ತಾಯಿಯ ಹಿಂದೆಯೇ ಓಡಾಡುತ್ತಾ ತಿಪ್ಪೆ ಕೆದಕುತ್ತದೆ, ತಾಯಿಯ ಹಿಕ್ಕೆಯನ್ನೂ ಕುಕ್ಕುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ನಮಗೆ ಹೇಸಿಗೆಯೆನಿಸುವ ಆ ಹಿಕ್ಕೆಯಲ್ಲಿ ಮರಿಗೆ ಏನು ಸಿಗುತ್ತಿತ್ತು ಎಂಬುದು ವಿಜ್ಞಾನಿಗಳಿಗೆ ಅರಿವಾದದ್ದು ಸುತ್ತುದಾರಿ ಹಿಡಿದ ಮೇಲೆ.

1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿ ಆಹಾರಕ್ಕೆ ಅಗ್ಗದ ಬಿ-12 ಜೀವಸತ್ವ ಹುಡುಕುತ್ತಿದ್ದರು. ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಬೆರೆಸಿದಾಗ ಮರಿಗಳು ನಿರೀಕ್ಷೆಗಿಂತ ಹೆಚ್ಚು ಬೆಳೆದವು. ಕಾರಣ, ಚರಟದಲ್ಲಿ ಉಳಿದಿದ್ದ ಆಂಟಿಬಯೋಟಿಕ್. 1951ರಲ್ಲಿ ಅಲ್ಲಿನ ಸರ್ಕಾರ ಅನುಮತಿಯನ್ನೂ ಕೊಟ್ಟಿತು. ಹೀಗೆ ರೋಗವಿಲ್ಲದ ಕೋಳಿಗೂ ದಿನನಿತ್ಯ ಔಷಧಿ! ಇದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟುತ್ತವೆಂದು ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತು.

ಇನ್ನೊಂದು ದಾರಿ ತೆರೆದದ್ದು ಫಿನ್ಲೆಂಡಿನಲ್ಲಿ. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿತು. ಎಸ್ಕೊ ನುರ್ಮಿ ಮತ್ತು ರಂಟಾಲಾ ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನೊಳಗಿನ ವಸ್ತುವನ್ನು ತೆಳುಮಾಡಿ ಎಳೆಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಅದು ನೆಲೆಯೂರಲಿಲ್ಲ. 1973ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಬಸ್ಸಿನ ಸೀಟುಗಳೆಲ್ಲ ಮೊದಲೇ ತುಂಬಿದ್ದರೆ ತಡವಾಗಿ ಬಂದವನಿಗೆ ಜಾಗವೆಲ್ಲಿ? ಒಳ್ಳೆಯ ಸೂಕ್ಷ್ಮಾಣುಗಳು ಕರುಳಿನ ಗೋಡೆಯನ್ನು ಹಿಡಿದುಕೊಳ್ಳುತ್ತವೆ. ಅವು ಸ್ರವಿಸುವ ಆಮ್ಲಗಳು ಶತ್ರುವಿಗೆ ಒಗ್ಗುವುದಿಲ್ಲ. ತಾಯಿಕೋಳಿ ಪುಕ್ಕಟೆಯಾಗಿ ಕೊಡುತ್ತಿದ್ದುದೂ ಇದನ್ನೇ.

ಜಾಗ ಹಿಡಿಯುವುದಷ್ಟೇ ಅವುಗಳ ಕೆಲಸವಲ್ಲ. ಕೋಳಿಯ ಕರುಳಿನ ತುದಿಯಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿದೆ. ಅದನ್ನು ತೆಗೆದ ಮರಿಗಳಲ್ಲಿ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲವೆಂದು 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ತೋರಿಸಿದರು. ನಮ್ಮ ರಕ್ತದಲ್ಲಿರುವ 'ಬಿ' ಕಣಗಳ ಹೆಸರು ಬಂದದ್ದೂ ಈ ಬರ್ಸಾದಿಂದಲೇ. ಸೂಕ್ಷ್ಮಾಣುರಹಿತವಾಗಿ ಬೆಳೆಸಿದ ಮರಿಗಳಲ್ಲಿ ಈ ರಕ್ಷಣಾ ವ್ಯವಸ್ಥೆ ಬಲಿಯುವುದು ನಿಧಾನ.

ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಯೂರೋಪಿನ ಒಕ್ಕೂಟ 2006ರಲ್ಲಿ ನಿಲ್ಲಿಸಿದವು. ಭಾರತ 2019ರಲ್ಲಿ ಕೋಳಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಆ ತೆರವಾದ ಜಾಗಕ್ಕೆ ಪ್ರೋಬಯಾಟಿಕ್, ಬೆಳ್ಳುಳ್ಳಿ, ಅರಿಸಿನಗಳೆಲ್ಲ ಬಂದಿವೆ. ಪೊಟ್ಟಣದ ಮೇಲಿನ 'ನೈಸರ್ಗಿಕ' ಎಂಬ ಪದವನ್ನಷ್ಟೇ ನಂಬಿ ಕೊಳ್ಳುವುದು ಜಾಣತನವಲ್ಲ. ಅರಿಸಿನ, ಬೆಳ್ಳುಳ್ಳಿಗಳ ಫಲಿತಾಂಶ ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ. ಇವು ಯಾವುವೂ ಲಸಿಕೆಗೆ ಬದಲಿಯಲ್ಲ. ಹಿಕ್ಕೆಯನ್ನೇ ನೇರವಾಗಿ ತಿನ್ನಿಸಿದರೆ ರೋಗವೂ ಜೊತೆಗೇ ಬರುತ್ತದೆ. ಪರೀಕ್ಷಿಸಿದ ಸೂಕ್ಷ್ಮಾಣುಗಳೇ ಬೇಕು. ಅವನ್ನು ಮರಿ ಹುಟ್ಟಿದ ಮೊದಲ ದಿನವೇ ಕೊಡಬೇಕು. ಜೊತೆಗೇ ಆಂಟಿಬಯೋಟಿಕ್ ಹಾಕಿದರೆ ಕೊಟ್ಟದ್ದೆಲ್ಲ ಸತ್ತುಹೋಗಬಹುದು.