ಕಡಲಿಲ್ಲದ ‘ಸಮುದ್ರ’ದ ಊರು ನಮ್ಮ ಹಳೇಬೀಡು: ಒಂದು ಗಂಟೆ ಸಾಲಲ್ಲ, ಅರ್ಧ ದಿನ ಇರಲಿ

ಹಳೇಬೀಡು: ಸಮುದ್ರ ನೋಡಬೇಕು ಅಂದ್ರೆ ನಮ್ಮ ಕಡೆಯವರು ಶಿರಾಡಿ ಘಾಟಿ ಇಳಿದು ಮಂಗಳೂರಿಗೋ ಮಲ್ಪೆಗೋ ಹೋಗ್ತಾರೆ. ಆದರೆ ಹೆಸರಲ್ಲೇ ಸಮುದ್ರ ಇಟ್ಟುಕೊಂಡಿದ್ದ ಊರು ನಮ್ಮ ಬೇಲೂರು ತಾಲ್ಲೂಕಿನಲ್ಲೇ ಇದೆ. ಹಳೇಬೀಡಿನ ಮೊದಲಿನ ಹೆಸರು ದೋರಸಮುದ್ರ, ಅಂದರೆ ದ್ವಾರಸಮುದ್ರ. ದೊಡ್ಡ ಕೆರೆಗೆ ಸಮುದ್ರ ಅಂತ ಹೆಸರಿಡೋದು ಹಿಂದಿನವರ ರೂಢಿ. ಆ ಕೆರೆ ಈಗಲೂ ದೇವಸ್ಥಾನದ ಪಕ್ಕದಲ್ಲೇ ಇದೆ.

ಇತಿಹಾಸ

ಹೊಯ್ಸಳರ ರಾಜಧಾನಿಯಾಗಿದ್ದ ಊರಿದು. ರಾಜ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅಧಿಕಾರಿ ಕೇತಮಲ್ಲ ಹೊಯ್ಸಳೇಶ್ವರ ದೇವಸ್ಥಾನ ಕಟ್ಟಿಸಿದ. 1311ರಲ್ಲಿ ಮಲಿಕ್ ಕಾಫರ್ ಸೈನ್ಯ ದಾಳಿ ಮಾಡಿತು. ಮುಂದೆ ತುಘಲಕ್ ಸೈನ್ಯವೂ ಬಂತು. ರಾಜಧಾನಿ ಪಾಳುಬಿದ್ದು ‘ಹಳೆಯ ಬೀಡು’ ಆಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಏನೇನು ನೋಡಬಹುದು?

ಬಹಳ ಜನ ಗಾಡಿ ನಿಲ್ಲಿಸಿ, ಹೊಯ್ಸಳೇಶ್ವರ ಸುತ್ತಿ, ಫೋಟೊ ತೆಗೆದು, ಗಂಟೆಯೊಳಗೆ ಬೇಲೂರಿಗೆ ಹೊರಟುಬಿಡ್ತಾರೆ. ನಡೆದು ಹೋಗುವಷ್ಟು ದೂರದಲ್ಲೇ ಬಸದಿಹಳ್ಳಿಯ ಮೂರು ಜೈನ ಬಸದಿಗಳಿವೆ. 1133ರ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ನೆರಳು ಕನ್ನಡಿಯಲ್ಲಿ ಕಂಡಂಗೆ ಕಾಣುತ್ತೆ. ಇನ್ನೂ ಸ್ವಲ್ಪ ಮುಂದೆ ಕೇದಾರೇಶ್ವರ ದೇವಸ್ಥಾನ. ಅದನ್ನು ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಆಮೇಲೆ ಹುಲಿಕೆರೆಯ ಕಲ್ಯಾಣಿ ಇದೆ. ಇಷ್ಟನ್ನೂ ನೋಡೋಕೆ ಅರ್ಧ ದಿನ ಬೇಕು. ಬಂದವರು ಅರ್ಧ ದಿನ ಉಳಿದರೆ ಹೋಟೆಲ್‌ನಲ್ಲಿ ಊಟ ಮಾಡ್ತಾರೆ, ಎಳನೀರು ಕುಡೀತಾರೆ, ಆಟೊ ಹತ್ತುತಾರೆ. ನಿಮ್ಮ ಅಂಗಡಿಗೆ ಬಂದವರಿಗೆ ಬಸದಿ, ಕೇದಾರೇಶ್ವರದ ದಾರಿ ತೋರಿಸಿ. ಅದಕ್ಕೆ ಖರ್ಚೇನೂ ಇಲ್ಲ.

ಕೆರೆ ತುಂಬಿದರೇ ಊರಿಗೆ ಕಳೆ

ಮಳೆ ಕೈಕೊಟ್ಟ ವರ್ಷ ಈ ಸಮುದ್ರವೂ ಒಣಗುತ್ತೆ. ಆಗ ತೋಟದವರಿಗೆ ಬೋರ್‌ವೆಲ್ ಚಿಂತೆ, ಅಂಗಡಿಯವರಿಗೆ ವ್ಯಾಪಾರದ ಚಿಂತೆ. ಯಗಚಿ ನೀರನ್ನು ಇಲ್ಲಿಗೆ ತರುವ ರಣಘಟ್ಟ ಯೋಜನೆಗಾಗಿ ಹಳೇಬೀಡು, ಮಾದಿಹಳ್ಳಿ ಭಾಗದ ರೈತರು ಬೀದಿಗಿಳಿದಿದ್ದು ಎಲ್ಲರಿಗೂ ಗೊತ್ತು. ಅದು ಬರೀ ರೈತರ ವಿಷಯ ಅಲ್ಲ, ಪೇಟೆಯವರದ್ದೂ ಹೌದು. ಕೆರೆಗೆ ಕಸ, ಪ್ಲಾಸ್ಟಿಕ್ ಹಾಕದಿರೋದಂತೂ ನಮ್ಮ ಕೈಯಲ್ಲೇ ಇದೆ.

ಹೋಗೋದು ಹೇಗೆ?

ಬೇಲೂರಿನಿಂದ 16 ಕಿ.ಮೀ., ಹಾಸನದಿಂದ ಸುಮಾರು 30 ಕಿ.ಮೀ. ರೈಲಿನಲ್ಲಿ ಬರುವವರು ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು ಜಾವಗಲ್ ಮೇಲೆ ಬರಬಹುದು. ಮ್ಯೂಸಿಯಂಗೆ ಶುಕ್ರವಾರ ರಜೆ. ಡಿಸೆಂಬರ್, ಜನವರಿಯ ಎಳೆ ಬಿಸಿಲು ಹಿತವಾಗಿರುತ್ತೆ. ಬೇಸಿಗೆಯಲ್ಲಿ ಬಂದರೆ ಬೆಳಗ್ಗೆಯೇ ಬನ್ನಿ. ಚಪ್ಪಲಿ ಬಿಟ್ಟು ನಡೆಯಬೇಕು, ಮಧ್ಯಾಹ್ನ ಕಲ್ಲು ಕಾದು ಕಾಲು ಸುಡುತ್ತೆ.