ಮೇಘಮಲೆಯ ಮೋಡದಲ್ಲಿ ಮರೆಯಾದ ವಿಮಾನ

ಕಂಬಂ ಕಣಿವೆಯ ಸೊಬಗನ್ನು ನಮ್ಮವರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಪಡುವಲಲ್ಲಿ ಏಲಕ್ಕಿಯ ಬೆಟ್ಟಗಳು. ಮೂಡಲಲ್ಲಿ ವರುಷನಾಡಿನ ಸಾಲು ಹಾಗೂ ಮೇಘಮಲೆ. ನಡುವೆ, 1895ರಿಂದ ಪೆರಿಯಾರಿನ ನೀರುಂಡು ಹಸುರಾಗಿರುವ ಗದ್ದೆಗಳು. ತಲೆಮಾರುಗಳಿಂದ ಇಲ್ಲಿ ನೆಲಸಿ, ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ನಮಗೆ ಈ ಬೆಟ್ಟಗಳು ನೀರೂಡುವ ತಾಯಂದಿರು. ಆದರೆ ಆಕಾಶಮಾರ್ಗವಾಗಿ ಬರುವವನಿಗೆ ಇವೇ ಮೋಡದ ಮರೆಯಲ್ಲಿ ನಿಂತ ಗೋಡೆಗಳು. ಈ ಮಾತಿಗೆ ಸಾಕ್ಷಿಯಾದ ಒಂದು ದುರ್ಘಟನೆಯನ್ನು ನಮ್ಮ ಮಕ್ಕಳು ಅರಿಯಬೇಕೆಂಬುದೇ ಈ ಲೇಖನದ ಉದ್ದೇಶ.

1971ನೆಯ ಇಸವಿ ಡಿಸೆಂಬರ್ 9. ತಿರುವನಂತಪುರದಿಂದ ಮಧುರೆಯತ್ತ ಹೊರಟ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಆವ್ರೊ ವಿಮಾನವು, ಮಧುರೆ ಇನ್ನೂ ಸುಮಾರು 80 ಕಿಲೋಮೀಟರ್ ದೂರವಿರುವಾಗಲೇ ಕೆಳಗಿಳಿಯುತ್ತ ಬಂದು, ಚಿನ್ನಮನೂರಿನ ಬಳಿ ಬೆಟ್ಟಕ್ಕೆ ಬಡಿಯಿತು. ಹಗಲಿನ ಹೊತ್ತು, ಆದರೂ ನೋಟಕ್ಕೆ ದಾರಿ ಮಸುಕಾಗಿತ್ತು. ಅದರಲ್ಲಿದ್ದ 31 ಮಂದಿಯಲ್ಲಿ ನಾಲ್ವರು ಸಿಬ್ಬಂದಿಯೂ 17 ಪ್ರಯಾಣಿಕರೂ ಮಡಿದರು. 10 ಮಂದಿ ಉಳಿದುಕೊಂಡರು. ಆಗ ದೇಶವೆಲ್ಲ ಯುದ್ಧದಲ್ಲಿ ಮುಳುಗಿತ್ತು. ಅದೇ ದಿನ ರಾತ್ರಿ ಅರಬ್ಬೀ ಸಮುದ್ರದಲ್ಲಿ ನಮ್ಮ ಖುಕ್ರಿ ನೌಕೆಯೂ ಶತ್ರುವಿನ ಹೊಡೆತಕ್ಕೆ ಸಿಕ್ಕಿ ಮುಳುಗಿತು. ಅಂತಹ ದಿನಗಳಲ್ಲಿ ಬೆಟ್ಟದೂರಿನ ಒಂದು ವಿಮಾನದ ಕಥೆಯು ಜನಮನದಲ್ಲಿ ಹೆಚ್ಚು ಕಾಲ ನಿಲ್ಲದಿದ್ದರೆ ಆಶ್ಚರ್ಯವೇನು?

ಇಂತಹ ಸುದ್ದಿಯನ್ನು ಬರೆಯುವಾಗ 'ವಿಧಿಯ ಆಟ' ಎಂಬ ಮಾತು ಲೇಖನಿಯ ತುದಿಗೆ ಸುಲಭವಾಗಿ ಬರುತ್ತದೆ. ಆ ಮಾತು ದುಃಖಿತರಿಗೆ ಸಮಾಧಾನವಾಗಬಹುದು, ಕಾರಣವಾಗಲಾರದು. ಚಾಲಕನ ಮುಂದಿರುವ ಎತ್ತರಮಾಪಕವು ಗಾಳಿಯ ಒತ್ತಡವನ್ನು ಅಳೆದು, ಸಮುದ್ರಮಟ್ಟದಿಂದ ವಿಮಾನವು ಎಷ್ಟು ಮೇಲಿದೆಯೆಂಬುದನ್ನು ತಿಳಿಸುತ್ತದೆ. ಕೆಳಗಿನ ನೆಲವು ಎಷ್ಟು ಮೇಲೆದ್ದು ಬಂದಿದೆಯೆಂಬುದನ್ನು ತಿಳಿಸದು. ಹೀಗಾಗಿ ಯಾವ ಕೇಡೂ ಇಲ್ಲದ ವಿಮಾನಗಳು ಮೋಡದೊಳಗೆ ಬೆಟ್ಟಕ್ಕೆ ಬಡಿದುದು ಜಗತ್ತಿನಲ್ಲಿ ಅನೇಕ ಸಲ ನಡೆದಿದೆ. ಕೆನಡಾ ಸಂಜಾತರಾದ ಡಾನ್ ಬೇಟ್ಮನ್ ಎಂಬ ಇಂಜಿನಿಯರರು ಇಂತಹ ಅಪಘಾತಗಳನ್ನೇ ಅಭ್ಯಾಸಮಾಡಿ, ರೇಡಿಯೋ ಅಲೆಯಿಂದ ನೆಲದ ದೂರವನ್ನು ಅಳೆದು ಚಾಲಕನನ್ನು ಕೂಗಿ ಎಚ್ಚರಿಸುವ ಯಂತ್ರವನ್ನು ರೂಪಿಸಿದರು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಬಳಿ ಬೆಟ್ಟಕ್ಕೆ ಬಡಿದ ವಿಮಾನದಲ್ಲಿ 92 ಮಂದಿ ಸತ್ತ ಬಳಿಕವೇ ಆ ದೇಶವು ಅದನ್ನು ಕಡ್ಡಾಯಗೊಳಿಸಿತು.

ನಮ್ಮ ನೆರೆಯ ನೀಲಗಿರಿಯಲ್ಲಿಯೂ ಇಂತಹುದೇ ಒಂದು ಕಥೆಯುಂಟು. 1950ರ ಡಿಸೆಂಬರ್ 13ರಂದು ಅಲ್ಲಿ ನಡೆದ ವಿಮಾನಾಪಘಾತದಲ್ಲಿ ಅಬ್ರಹಾಂ ವಾಲ್ಡ್ ಎಂಬ ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞರು ಪತ್ನೀಸಮೇತ ಅಸುನೀಗಿದರು. ಎರಡನೆಯ ಮಹಾಯುದ್ಧದಲ್ಲಿ, ಗುಂಡೇಟು ತಿಂದು ಮರಳಿದ ವಿಮಾನಗಳನ್ನು ಕುರಿತು ಲೆಕ್ಕಹಾಕಿದವರು ಅವರೇ. ಮರಳಿ ಬಂದವುಗಳಲ್ಲಿ ತೂತು ಕಾಣದ ಜಾಗವೇ ನಿಜವಾದ ಮರ್ಮಸ್ಥಾನ, ಏಕೆಂದರೆ ಅಲ್ಲಿ ಏಟು ಬಿದ್ದವು ಮರಳಲೇ ಇಲ್ಲ ಎಂಬುದು ಅವರ ತರ್ಕದ ಸಾರ. ಬಾರದವರ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಈ ಪಾಠವು ದುರಂತಗಳನ್ನು ವರದಿ ಮಾಡುವ ಪತ್ರಿಕೋದ್ಯೋಗಿಗೆ ಮೊದಲ ಅಕ್ಷರವಾಗಬೇಕು.

ಸತ್ತ ಚಾಲಕನು ಉತ್ತರ ಕೊಡಲಾರನು. ಅವನ ಮೇಲೆ ತಪ್ಪು ಹೊರಿಸುವುದು ಎಲ್ಲಕ್ಕಿಂತ ಸುಲಭ. ಅಪಘಾತದ ತನಿಖೆಯು ದೂಷಣೆಗಾಗಿಯಲ್ಲ, ಮುಂದಿನದನ್ನು ತಡೆಯುವುದಕ್ಕಾಗಿ ಎಂಬುದು ರಾಷ್ಟ್ರಗಳೆಲ್ಲ ಒಪ್ಪಿದ ನಿಯಮ. ಹಾಗೆಂದು ತಪ್ಪನ್ನು ಮುಚ್ಚಿಡಬೇಕೆಂದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತಾಗ, ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಕಿರಿಯ ಚಾಲಕನು ಹೇಳಿದ್ದರೂ ಹಿರಿಯನು ಕಿವಿಗೊಡಲಿಲ್ಲವೆಂದು ತನಿಖೆಯು ಕಂಡುಹಿಡಿಯಿತು. ಇದು ಒಬ್ಬನ ದೋಷವಷ್ಟೇ ಅಲ್ಲ. ಕಿರಿಯರ ಮಾತಿಗೆ ಬೆಲೆಯಿಲ್ಲದ ಕಡೆಯಲ್ಲೆಲ್ಲ ಕಾದಿರುವ ಆಪತ್ತು.

ಅದರ ಮರುವರ್ಷವೇ, ವಿಮಾನ ಸುರಕ್ಷತೆಯನ್ನು ಕುರಿತು ಪತ್ರಿಕೆಗಳಲ್ಲಿಯೂ ಬರೆಯುತ್ತಿದ್ದ, ಚೆನ್ನೈಯ ಅನುಭವಿ ಚಾಲಕ ಮೋಹನ್ ರಂಗನಾಥನ್ ಅವರು ಸರ್ಕಾರದ ಸುರಕ್ಷತಾ ಸಲಹಾ ಸಮಿತಿಗೆ ಪತ್ರ ಬರೆದರು. ಮಳೆಯಲ್ಲಿ, ಹಿಂಗಾಳಿಯಲ್ಲಿ ಕೋಳಿಕ್ಕೋಡಿನ ಓಡುದಾರಿಯ ಮೇಲೆ ಇಳಿಯುವುದು ಅಪಾಯಕರವೆಂಬುದು ಅವರ ಎಚ್ಚರಿಕೆ. 2020ರ ಆಗಸ್ಟ್ 7ರಂದು, ಮಳೆಯಲ್ಲಿ, ಹಿಂಗಾಳಿಯಲ್ಲಿ ಅಲ್ಲಿ ಇಳಿದ ವಿಮಾನವು ಓಡುದಾರಿಯ ಆಚೆಗೆ ಜಾರಿಬಿದ್ದು 21 ಮಂದಿ ಪ್ರಾಣ ಕಳೆದುಕೊಂಡರು.

ಚಿನ್ನಮನೂರಿನಲ್ಲಿ ಸತ್ತವರು 21, ಕೋಳಿಕ್ಕೋಡಿನಲ್ಲಿಯೂ 21. ಎರಡರ ನಡುವೆ ಸುಮಾರು ಅರ್ಧ ಶತಮಾನ ಕಳೆದಿತ್ತು. ಮೊದಲನೆಯದರಲ್ಲಿ ಎಚ್ಚರಿಸುವ ಯಂತ್ರವು ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಎರಡನೆಯದರಲ್ಲಿ ಎಚ್ಚರಿಸಿದ ಮನುಷ್ಯನೇ ಇದ್ದನು. ಬರೆಯುವವನು ಬರೆದರೆ ಸಾಲದು, ಓದಬೇಕಾದವರು ಓದಬೇಕು. ಮೇಘಮಲೆಯ ಮೇಲೆ ಮೋಡ ಕವಿದ ದಿನ ನಮ್ಮ ಮಕ್ಕಳಿಗೆ ಆ ಬೆಟ್ಟವನ್ನು ತೋರಿಸಿ, ಕನ್ನಡದಲ್ಲಿಯೇ ಈ ಕಥೆಯನ್ನು ಹೇಳೋಣ.